ಉಂಡ ಮೇಲಿನ ಉಬ್ಬಸ

ಹಸಿದಾಗ ಇದಕ್ಕೆ ಯಾವ ತಕರಾರೂ ಇಲ್ಲ.
ಮುಳ್ಳು ಕೆಂಪಿಗೆ ಬಿದ್ದು, ದೀಪ ಮಿಣುಕಿದರೂ
ಬೆಳಗಿನ ಐದಕ್ಕೆ ಕೀಲಿ ಮುಟ್ಟಿದರೆ ಸಾಕು,
ಓಣಿಯ ನಾಯಿಗಿಂತ ಮೊದಲು ಎದ್ದಿರುತ್ತದೆ.
ಹೊಟ್ಟೆ ತುಂಬ ಪೆಟ್ರೋಲು ಕುಡಿಸಿ ನೋಡಿ:
ಕರ್ರ ಕರ್ರ ಕರ್ರ,
ಆಮೇಲೆ ಒಂದು ಕೆಮ್ಮು,
ಆಮೇಲೆ ಅದೂ ಇಲ್ಲ.

ಹಿಂದೆ ಆರುನೂರು ಪ್ಯಾಂಟು,
ಇನ್ನೂ ಗುಂಡಿ ಕಾಣದವು,
ಮುಂಡರಗಿ ಕಡೆ ವಾಷಿಂಗಿಗೆ ಹೊರಟವು.
ಕಿವಿಯೊಳಗೆ ಮೇಸ್ತ್ರಿಯ ಫೋನು.
ಮೋಕಾ ರಸ್ತೆಯ ಬಂಕಿನಲ್ಲಿ ನನ್ನ ಹಿಂದೆ
ಹಾರನ್ನು ಹಾರನ್ನು ಹಾರನ್ನು.
ಸರತಿಯಲ್ಲಿದ್ದ ವಾಷಿಂಗಿನ ಹುಡುಗರೇ ಬೈಕು ಬಿಟ್ಟು ಇಳಿದು
ತಳ್ಳಿ ಬದಿಗಿಟ್ಟರು.
ಅವರ ಅಂಗೈ ಸೋಪಿಗೂ ಬಿಳಿಯಾಗದ್ದು.
ಬಿಳಿ ಡಾಲಾದ ಮೇಲೆ ನೀಲಿ ಹಸ್ತಗಳು,
ಒಂದಕ್ಕೆ ಕಿರುಬೆರಳಿಲ್ಲ.

ಪೆಟ್ರೋಲಲ್ಲಿ ನೀರು ಅಂದರು, ಬಂಕು ಬದಲಿಸಿದೆ.
ಬ್ಯಾಟರಿ ಅಂದರು;
ಹೊಸದರ ಕಂತು ಇನ್ನೂ ನಾಲ್ಕಿದೆ.
ಒಬ್ಬ ಪಂಪು ಬಿಚ್ಚಿದ, ಒಬ್ಬ ಪ್ಲಗ್ಗು ತಿಕ್ಕಿ ತಿಕ್ಕಿ
ನನ್ನ ಮುಖವನ್ನೇ ನೋಡಿದ.
ಸುಂಕಮ್ಮ ನಿಂಬೆಹಣ್ಣು ಕಟ್ಟಿದಳು.
ಲೆಕ್ಕ ಹಾಕಿದರೆ ಅದೇ ಅಗ್ಗದ ರಿಪೇರಿ.
ಕೊನೆಗೆ ನೂರು ನೂರು ರೂಪಾಯಿ ಹಾಕಿಸುತ್ತ
ಬಾಣಂತಿಗೆ ಗಂಜಿ ಕೊಟ್ಟ ಹಾಗೆ
ಎಂಟು ತಿಂಗಳು ತಳ್ಳಿದೆ.

ಕೌಲ್ ಬಜಾರಿನ ಹೊನ್ನೂರವಲಿ ಸೀಟು ಎತ್ತಲಿಲ್ಲ,
ಪಾನ ಮುಟ್ಟಲಿಲ್ಲ.
ಚಹಾ ಬಸಿಗೆ ಸುರಿದು, ಊದಿ, ಕೇಳಿದ:
‘ಯಾವಾಗ?’

ಏನಾಗೈತಿ ಅಂತ ಎಲ್ಲರೂ ಕೇಳಿದ್ದರು.
ಯಾವಾಗ ಅಂತ ಈತನೊಬ್ಬ.

‘ತುಂಬಿಸಿದ ಮ್ಯಾಲೆ.’
‘ತುಂಬಿಸಿದ ಮ್ಯಾಲಷ್ಟೇ?’
‘ಹ್ಞೂಂ.’
‘ಹಂಗಾರ ರೋಗ ಇಲ್ಲ ಬಿಡು.
ಎಲ್ಲೋ ಒಂದು ಬಾಯಿ ಮುಚ್ಚವಲ್ದು.’

(ನನ್ನ ಬಗ್ಗೆ ಸುಂಕಮ್ಮ ಹೇಳುವುದೂ ಇದನ್ನೇ.
ಅದೂ ಉಂಡ ಮೇಲೆಯೇ.)

ಬಿಚ್ಚಿ ತೆಗೆದ: ಹೆಬ್ಬೆರಳಿನಷ್ಟು ಕರೀ ವಾಲ್ವು,
ಎರಡು ಮೂತಿ, ಒಂದು ವೈರು.
ಟ್ಯಾಂಕಿನ ಆವಿ ಇದ್ದಿಲ ಡಬ್ಬಿಯಲ್ಲಿ ಕೂತಿರುತ್ತದಂತೆ,
ಗಾಡಿ ಓಡುವಾಗ ಎಂಜಿನ್ನು ಗುಟುಕು ಗುಟುಕಾಗಿ ಎಳೆದುಕೊಳ್ಳಬೇಕಂತೆ,
ನಿಂತಾಗ ಈ ಬಾಗಿಲು ಮುಚ್ಚಿರಬೇಕಂತೆ.
ಇದು ತೆರೆದೇ ಕೂತು,
ಬಂಕಿನಲ್ಲಿ ತುಂಬಿದ ಆವಿಯೆಲ್ಲ ನುಗ್ಗಿ
ಗಾಳಿಗೇ ಜಾಗವಿಲ್ಲ.
‘ಬರೇ ವಾಸನಿ ಕುಡುದು ಬೆಂಕಿ ಹತ್ತತೈತೇನೋ?’

ನನ್ನ ಅಂಗೈಯನ್ನು ಒಂದು ಮೂತಿಗೆ ಹಿಡಿಸಿ
ಇನ್ನೊಂದಕ್ಕೆ ತುಟಿಯಿಟ್ಟು ಊದಿದ.
ಬಂತು,
ಬೆಚ್ಚಗೆ, ಶುಂಠಿ ಚಹಾದ, ಬೀಡಿಯ ಉಸಿರು.
‘ಬಂತೇನು?’
‘ಬಂತು.’
‘ಬರಬಾರದು.’

ಹೊಸಪೇಟೆಯಿಂದ ಹೊಸದು ಬರಲು ಎರಡು ದಿನ.
ಅಲ್ಲಿಯತನಕ ಆಕ್ಸಲೇಟರು ಪೂರ್ತಿ ತುಳಿದು ಕೀಲಿ ತಿರುವು ಅಂದ.
ತುಳಿದೆ.
ಬಿಕ್ಕಿ, ತೇಗಿ, ಹೊಗೆ ಕಕ್ಕಿ
ಎದ್ದೇಬಿಟ್ಟಿತು ಹಾಳಾದ್ದು.
ಎಂಟು ತಿಂಗಳಿಂದ ಮೆಲ್ಲಗೆ, ಮೆಲ್ಲಗೆ ಅಂತ
ಕಾಲೆತ್ತಿ ಕೂತಿದ್ದೆನಲ್ಲ ನಾನು.

ಮೂರನೆಯ ದಿನ ಬಂಕಿಗೆ ಹೋಗಿ
‘ಫುಲ್’ ಅಂದೆ.
ಆ ಮಾತು ಬಾಯಿಗೇ ಮರೆತುಹೋಗಿತ್ತು.
ಪೈಪು ಹಿಡಿದ ಗಾದಿಲಿಂಗ ನನ್ನನ್ನೇ ದಿಟ್ಟಿಸಿ
ಮುಚ್ಚಳ ತಿರುವಿ,
ಹೇಳದೆಯೇ ಹಿಂದೆ ಹೋದ.
ಇನ್ನಿಬ್ಬರನ್ನು ಕೂಗಿದ.
ಅಂಗೈಗೆ ಉಗುಳಿಕೊಂಡು, ಉಜ್ಜಿ,
ಹಳೆಯ ನೀಲಿ ಹಸ್ತಗಳ ಮೇಲೇ ಹಸ್ತವಿಟ್ಟು,
ಕಾಲೂರಿ, ‘ಐಸಾ’ ಅನ್ನುವಷ್ಟರಲ್ಲಿ
ನಾನು ಕೀಲಿ ತಿರುವಿದೆ.

ಕನ್ನಡಿಯಲ್ಲಿ ಗಾದಿಲಿಂಗ
ಕೈ ಚಾಚಿ ಎರಡು ಹೆಜ್ಜೆ ಬರೀ ಗಾಳಿಯನ್ನು ತಳ್ಳಿ,
ಚಪ್ಪಲಿ ಒಂದು ಕಡೆ, ತಾನೊಂದು ಕಡೆ,
ಬಿಸಿಲಲ್ಲಿ ಚಿಕ್ಕದಾಗುತ್ತ ಕೂಗುತ್ತಿದ್ದಾನೆ:
‘ಹೇಳಬಾರದೇನಲೇ!’